ಬ್ರೇಡ್ ದಾರ ಸ್ಪೂಲಿನ ಮೇಲೆ ಜಾರುವುದೇಕೆ? ಜಾರದಂತೆ ಸುತ್ತುವುದು ಹೇಗೆ?

ತಣ್ಣೀರುಬಾವಿಯ ಮರಳಿನಲ್ಲಿ, ಮಲ್ಪೆಯ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ, ಕಾಪು ದೀಪಸ್ತಂಭದ ಬುಡದ ಬಂಡೆಗಳಲ್ಲಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ರಾಡ್ ಹಿಡಿದು ನಿಂತವರ ರೀಲುಗಳನ್ನು ಗಮನಿಸಿದರೆ ಹಳೆಯ ನೈಲಾನ್ ತಂಗೂಸಿನ ಜಾಗಕ್ಕೆ ಹಸಿರು, ಹಳದಿ, ಬಣ್ಣಬಣ್ಣದ ಬ್ರೇಡ್ ದಾರ ಬಂದಿರುವುದು ಕಾಣುತ್ತದೆ. ಸಪೂರ, ಗಟ್ಟಿ, ದೂರ ಹೋಗುತ್ತದೆ, ಮೀನು ಮುಟ್ಟಿದ್ದು ಕೈಗೆ ತಕ್ಷಣ ಗೊತ್ತಾಗುತ್ತದೆ. ಆದರೆ ನೈಲಾನ್ ಸುತ್ತಿದ ಹಾಗೆಯೇ ಇದನ್ನೂ ಸುತ್ತಿದವರಿಗೆ ಒಂದು ದಿನ ವಿಚಿತ್ರ ಅನುಭವವಾಗುತ್ತದೆ. ದೊಡ್ಡದೊಂದು ಮುರು ಮೀನು ಕಲ್ಲಿನ ಸಂದಿಗೆ ನುಗ್ಗುತ್ತದೆ, ಇಲ್ಲವೇ ತೊರಕೆಯೊಂದು ಮರಳಿಗೆ ಅಂಟಿಕೊಳ್ಳುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುತ್ತದೆ, ದಾರ ಮಾತ್ರ ಒಳಗೆ ಬರುವುದಿಲ್ಲ. ರೀಲಿನ ಬ್ರೇಕಾದ ಡ್ರ್ಯಾಗ್ ಬಿಗಿ ಮಾಡಿದರೂ ಅಷ್ಟೇ, ಪೂರ್ತಿ ಬಿಗಿ ಮಾಡಿದರೂ ಅಷ್ಟೇ.

ರೀಲು ಕೆಟ್ಟಿತೆಂದು ಬಿಚ್ಚಿ ನೋಡುವವರಿದ್ದಾರೆ, ರಿಪೇರಿಗೆ ಕೊಡುವವರೂ ಇದ್ದಾರೆ. ಬಹಳಷ್ಟು ಸಲ ರೀಲಿಗೆ ಏನೂ ಆಗಿರುವುದಿಲ್ಲ. ಸುತ್ತಿದ ದಾರದ ಇಡೀ ಸುರುಳಿ ಸ್ಪೂಲಿನ ಮೇಲೆ ಜಾರುತ್ತಿರುತ್ತದೆ. ತೊಂದರೆ ಇರುವುದು ಎಲ್ಲಕ್ಕಿಂತ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಮೊದಲ ಪದರದಲ್ಲಿ.

ಮೊದಲು ಭಾಗಗಳ ಪರಿಚಯ

ದಾರ ಸುತ್ತಿಕೊಳ್ಳುವ ಬಟ್ಟಲಿನಂಥ ಭಾಗವೇ ಸ್ಪೂಲ್. ಖಾಲಿ ಸ್ಪೂಲಿನ ನಡುವೆ ಕಾಣುವ ಗುಂಡನೆಯ ಮೈಯನ್ನು ಇಲ್ಲಿ ‘ತಳ’ ಎನ್ನೋಣ. ಮುಂದಿನ ಉಬ್ಬಿದ ಬಳೆ ‘ಅಂಚು’. ದಾರವನ್ನು ಹಿಡಿದು ಸ್ಪೂಲಿಗೆ ಸುತ್ತುವ ತಂತಿಯ ಕಮಾನು ಬೇಲ್. ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ಸ್ಪೂಲನ್ನೇ ಸ್ವಲ್ಪ ಸ್ವಲ್ಪ ತಿರುಗಲು ಬಿಡುವ ಬ್ರೇಕ್ ಡ್ರ್ಯಾಗ್. ಸಾಮಾನ್ಯ ಸ್ಪಿನ್ನಿಂಗ್ ರೀಲಿನಲ್ಲಿ ಅದರ ತಿರುಪು ಸ್ಪೂಲಿನ ಮುಂದೆಯೇ ಇರುತ್ತದೆ. ಮುಖ್ಯ ದಾರದ ಅಡಿಯಲ್ಲಿ ಸುತ್ತುವ ಬೇರೆ ದಾರಕ್ಕೆ ಬ್ಯಾಕಿಂಗ್ ಎನ್ನುತ್ತಾರೆ. ಮುಂದೆ ಬಹಳಷ್ಟು ಮಾತು ಅದರದ್ದೇ.

ಜಾರುತ್ತಿರುವುದು ಯಾವುದು?

ಹ್ಯಾಂಡಲ್ ತಿರುಗಿಸಿಯೂ ದಾರ ಬಾರದಿರಲು ಅಥವಾ ಬಿಗಿ ಮಾಡಿಯೂ ದಾರ ಹೊರಗೆ ಹೋಗಲು ಮೂರು ಕಾರಣ ಇರಬಹುದು. ಮೂರೂ ಹೊರಗಿಂದ ಒಂದೇ ರೀತಿ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ.

ದಾರ ಹೋಗುವಾಗ ಸ್ಪೂಲ್ ತಿರುಗುತ್ತಿದ್ದು ‘ಕರ್ರ್’ ಎಂಬ ಸದ್ದೂ ಬರುತ್ತಿದ್ದರೆ ಡ್ರ್ಯಾಗ್ ಬಿಡುತ್ತಿದೆ ಎಂದರ್ಥ. ಅದು ಸಡಿಲವಿರಬಹುದು, ಒಳಗಿನ ವಾಷರುಗಳು ಸವೆದಿರಬಹುದು ಅಥವಾ ಅವಕ್ಕೆ ತಪ್ಪಾದ ಎಣ್ಣೆ ಬಿದ್ದಿರಬಹುದು. ಸ್ಪೂಲ್ ನಿಂತಿದ್ದು ಹ್ಯಾಂಡಲ್, ಬೇಲ್ ಎರಡೂ ಹಿಮ್ಮುಖ ತಿರುಗಿದರೆ ಹಿಂದೆ ತಿರುಗದಂತೆ ತಡೆಯುವ ಬೇರಿಂಗ್ ಸೋತಿದೆ. ಹ್ಯಾಂಡಲೂ ನಿಂತಿದೆ, ಸ್ಪೂಲೂ ನಿಂತಿದೆ, ಸದ್ದೂ ಇಲ್ಲ, ದಾರ ಮಾತ್ರ ಹೋಗುತ್ತಿದೆ ಎಂದಾದರೆ ಸುರುಳಿ ಜಾರುತ್ತಿದೆ.

ಮನೆಯಲ್ಲೇ ಖಚಿತ ಮಾಡಿಕೊಳ್ಳಬಹುದು. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ. ಪರ್ಮನೆಂಟ್ ಮಾರ್ಕರಿನಿಂದ ಸುತ್ತಿದ ದಾರದ ಮೈಮೇಲೆ ಹಿಂದಿನಿಂದ ಮುಂದಿನವರೆಗೆ ಒಂದು ನೇರ ಗೆರೆ ಎಳೆದು, ಅದೇ ಗೆರೆಯನ್ನು ಸ್ಪೂಲಿನ ಅಂಚಿನವರೆಗೆ ಮುಂದುವರಿಸಿ. ದಾರದ ತುದಿಯನ್ನು ಒಂದು ಕೋಲಿಗೆ ನಾಲ್ಕೈದು ಸುತ್ತು ಹಾಕಿ ಮೆಲ್ಲಗೆ ಜೋರು ಹೆಚ್ಚಿಸುತ್ತ ಎಳೆಯಿರಿ. ಬರಿಗೈಗೆ ಸುತ್ತಿಕೊಂಡು ಎಳೆಯುವುದು ಬೇಡ, ಬ್ರೇಡ್ ಚರ್ಮವನ್ನು ಬ್ಲೇಡಿನ ಹಾಗೆ ಸೀಳುತ್ತದೆ. ಈಗ ದಾರದ ಮೇಲಿನ ಗೆರೆ ಅಂಚಿನ ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಬೇರೆ ಸಾಕ್ಷಿ ಬೇಡ. ಎರಡು ಗೆರೆಯೂ ಜೊತೆಯಾಗಿಯೇ ತಿರುಗಿದರೆ ದಾರ ಸರಿಯಾಗಿಯೇ ಕೂತಿದೆ, ಡ್ರ್ಯಾಗ್ ನೋಡಿ.

ನೈಲಾನ್ ಹಿಡಿಯುತ್ತದೆ, ಬ್ರೇಡ್ ಏಕೆ ಹಿಡಿಯುವುದಿಲ್ಲ?

ಬ್ರೇಡ್ ಎಂದರೆ ಹೆಣೆದ ದಾರ. ನಾಲ್ಕು, ಎಂಟು, ಕೆಲವೊಮ್ಮೆ ಹನ್ನೆರಡು ಎಳೆಗಳನ್ನು ಜಡೆಯಂತೆ ಹೆಣೆದು ಮಾಡುತ್ತಾರೆ. ಎಳೆಗಳು ಪಾಲಿಎಥಿಲೀನಿನವು. ಪ್ಲಾಸ್ಟಿಕ್ ಚೀಲದ ಪಾಲಿಥೀನ್ ಇದರದ್ದೇ ಕುಲ, ಆದರೆ ದಾರದ್ದು ಅತಿ ಉದ್ದದ ಅಣುಸರಪಳಿಗಳಿರುವ, ಅಣುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗುವಂತೆ ಎಳೆದ ಬಲಶಾಲಿ ರೂಪ. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳು ಡಬ್ಬದ ಮೇಲೆ ಕಾಣುವುದು ಇದಕ್ಕೇ. ಜಪಾನಿನ ದಾರಗಳ ಮೇಲೆ ಪಿಇ 1, ಪಿಇ 2 ಎಂದು ಬರೆದಿರುವುದೂ ಪಾಲಿಎಥಿಲೀನ್‌ನಿಂದಲೇ ಬಂದದ್ದು. ಆ ಅಂಕೆ ದಪ್ಪವನ್ನು ಹೇಳುತ್ತದೆ: ಪಿಇ 1 ಸುಮಾರು 0.165 ಮಿ.ಮೀ., ಪಿಇ 2 ಸುಮಾರು 0.235 ಮಿ.ಮೀ., ಪಿಇ 3 ಸುಮಾರು 0.285 ಮಿ.ಮೀ.

ಈ ವಸ್ತುವಿನ ಮೂರು ಗುಣಗಳು ಸೇರಿ ಜಾರಾಟಕ್ಕೆ ಕಾರಣವಾಗುತ್ತವೆ.

ಒಂದು, ಮೈ ಬಹಳ ನುಣುಪು. ಇದೇ ಜಾತಿಯ ಪಾಲಿಎಥಿಲೀನನ್ನು ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಲ್ಲಿ ಕೃತಕ ಕೀಲಿನ ಒಳಪದರಕ್ಕೆ ಬಳಸುತ್ತಾರೆ. ಲೋಹದ ಮೇಲೆ ವರ್ಷಗಟ್ಟಲೆ ತಿಕ್ಕಿದರೂ ಸುಲಭಕ್ಕೆ ಸವೆಯದೆ ನಯವಾಗಿ ಜಾರುತ್ತದೆ ಎಂಬ ಕಾರಣಕ್ಕೇ. ಸ್ಪೂಲ್ ಕೂಡ ಪಾಲಿಶ್ ಮಾಡಿದ ಅಲ್ಯೂಮಿನಿಯಂ ಅಥವಾ ನುಣುಪಾದ ಗ್ರಾಫೈಟ್ ಪ್ಲಾಸ್ಟಿಕ್. ಮಂಡಿಯಲ್ಲಿ ಬೇಕಾದ ಗುಣವೇ ಇಲ್ಲಿ ಬೇಡವಾದದ್ದು.

ಎರಡು, ಹಿಗ್ಗುವುದಿಲ್ಲ. ನೈಲಾನ್ ತುಂಡಾಗುವ ಮೊದಲು ಶೇ. 20ಕ್ಕಿಂತಲೂ ಹೆಚ್ಚು ಹಿಗ್ಗಬಲ್ಲದು. ಎಳೆತದಲ್ಲಿ ಸುತ್ತಿದ ನೈಲಾನ್ ಮತ್ತೆ ಕುಗ್ಗಲು ನೋಡುತ್ತದೆ, ಹಾಗೆ ನೋಡುತ್ತಲೇ ಸ್ಪೂಲಿನ ತಳವನ್ನು ಸದಾ ಹಿಂಡಿ ಹಿಡಿದಿರುತ್ತದೆ. ಬ್ರೇಡ್ ಹಿಗ್ಗುವುದು ಹೆಚ್ಚೆಂದರೆ ಶೇ. 3–5. ಕುಗ್ಗಿ ಹಿಂಡಲು ಅದರಲ್ಲಿ ಶಕ್ತಿಯೇ ಉಳಿದಿರುವುದಿಲ್ಲ.

ಮೂರು, ಬ್ರೇಡ್ ಮೆದು. ಹೊಸದರಲ್ಲಿ ಅದರ ಹೆಣಿಗೆ ಗುಂಡಗಿರುತ್ತದೆ. ಎಳೆತ ಬಿದ್ದು ಬಿದ್ದು ಚಪ್ಪಟೆಯಾಗುತ್ತದೆ, ಎಳೆಗಳ ನಡುವಿನ ಸಂದು ಮುಚ್ಚುತ್ತದೆ. ಮೊದಲ ದಿನ ಬಿಗಿಯಾಗಿದ್ದ ಸುರುಳಿ ತಿಂಗಳೊಂದರಲ್ಲಿ ಸಡಿಲವಾಗುವುದು ಇದರಿಂದ. ‘ಇಷ್ಟು ದಿನ ಜಾರದ್ದು ಇವತ್ತೇಕೆ ಜಾರಿತು’ ಎಂಬ ಪ್ರಶ್ನೆಗೆ ಉತ್ತರವೂ ಇದೇ.

ಹಾಗಾದರೆ ನೂರಾರು ಸುತ್ತುಗಳಿದ್ದರೂ ಏಕೆ ಹಿಡಿಯುವುದಿಲ್ಲ? ಸುತ್ತು ಸುತ್ತಿನ ನಡುವೆ ಹಿಡಿತ ಇದೆ. ಅಲ್ಲಿ ದಾರ ಜಾರುತ್ತಿಲ್ಲ. ಸುತ್ತುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಒಂದೇ ಗಟ್ಟಿ ಉಂಗುರವಾಗುತ್ತವೆ. ಆ ಉಂಗುರ ಸ್ಪೂಲಿನ ತಳದ ಮೇಲೆ, ಸಪೂರ ಕೈಯಲ್ಲಿ ದೊಡ್ಡ ಬಳೆ ತಿರುಗಿದ ಹಾಗೆ ತಿರುಗುತ್ತದೆ. ಬಳೆ ಎಷ್ಟು ಗಟ್ಟಿ ಎನ್ನುವುದರಿಂದ ಪ್ರಯೋಜನವಿಲ್ಲ, ಕೈಗೂ ಬಳೆಗೂ ನಡುವೆ ಹಿಡಿತ ಇರಬೇಕು. ಮೇಲೆ ಇನ್ನೂ ನೂರು ಮೀಟರ್ ಸುತ್ತಿದರೂ ಜಾರುವುದು ನಿಲ್ಲದಿರುವುದಕ್ಕೆ ಇದೇ ಕಾರಣ.

ವಾಸ್ತವದಲ್ಲಿ ಸ್ಪೂಲ್ ತುಂಬಿದಷ್ಟೂ ತಳದ ಮೇಲಿನ ಹೊರೆ ಹೆಚ್ಚು. ತಳದ ಮಧ್ಯದಿಂದ ಮೈಗೆ 19 ಮಿ.ಮೀ., ತುಂಬಿದ ದಾರದ ಹೊರಮೈಗೆ 25 ಮಿ.ಮೀ. ದೂರವಿದೆ ಎಂದುಕೊಳ್ಳಿ. ಹೊರಗೆ ಮೀನು 4 ಕಿಲೋ ಬಲದಲ್ಲಿ ಎಳೆದರೆ, ಸುರುಳಿ ತಿರುಗದಿರಲು ತಳದಲ್ಲಿ ಸುಮಾರು 5.3 ಕಿಲೋದಷ್ಟು ಘರ್ಷಣೆ ಬೇಕು. ಸಣ್ಣ ಮೀನುಗಳು ಇಷ್ಟು ಎಳೆಯುವುದಿಲ್ಲ. ಅದಕ್ಕೇ ದೋಷ ವಾರಗಟ್ಟಲೆ ಅಡಗಿದ್ದು, ಸರಿಯಾದ ಮೀನು ಕಚ್ಚಿದ ದಿನವೇ ಹೊರಬೀಳುತ್ತದೆ.

ಅಡಿಯಲ್ಲಿ ನೈಲಾನ್: ನಂಬಬಹುದಾದ ದಾರಿ

ಸ್ಪೂಲಿನ ತಳಕ್ಕೆ ಮೊದಲು ಸ್ವಲ್ಪ ನೈಲಾನ್ ಸುತ್ತಿ, ಅದರ ತುದಿಗೆ ಬ್ರೇಡ್ ಗಂಟು ಹಾಕಿ ಮುಂದುವರಿಸುವುದು. ಉಪ್ಪುನೀರಿನಲ್ಲಿ ಬಳಸುವ ರೀಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ನೈಲಾನ್ ತಳವನ್ನು ಹಿಂಡಿ ಹಿಡಿಯುತ್ತದೆ. ಬ್ರೇಡನ್ನು ಎಳೆದಾಗ ಆ ಎಳೆತ ಗಂಟಿನ ಮೂಲಕ ನೈಲಾನಿಗೆ ಹೋಗಿ ಅದರ ಸುತ್ತುಗಳು ಇನ್ನಷ್ಟು ಬಿಗಿಯಾಗುತ್ತವೆ. ಜೊತೆಗೆ ನೈಲಾನ್ ಸುತ್ತುಗಳ ಏರುತಗ್ಗಿನಲ್ಲಿ ಬ್ರೇಡ್ ಕೂತುಕೊಳ್ಳುತ್ತದೆ.

ಎಷ್ಟು ಬೇಕು? ತಳ ಪೂರ್ತಿ ಮುಚ್ಚಿದರೆ ಸಾಕು. 4000 ಗಾತ್ರದ ರೀಲಿನ ತಳದ ಸುತ್ತಳತೆ 12 ಸೆಂ.ಮೀ., ಅಗಲ 20 ಮಿ.ಮೀ. ಎಂದಿಟ್ಟುಕೊಂಡರೆ, 0.35 ಮಿ.ಮೀ. ನೈಲಾನ್ ಪಕ್ಕಪಕ್ಕಕ್ಕೆ 57 ಸುತ್ತು ಹಿಡಿಯುತ್ತದೆ. ಅಂದರೆ ಒಂದು ಪದರಕ್ಕೆ ಸುಮಾರು 7 ಮೀಟರ್. ಸ್ಪಿನ್ನಿಂಗ್ ರೀಲು ಅಷ್ಟು ಅಚ್ಚುಕಟ್ಟಾಗಿ ಪಕ್ಕಪಕ್ಕಕ್ಕೆ ಸುತ್ತುವುದಿಲ್ಲವಾದ್ದರಿಂದ 8–10 ಮೀಟರ್ ಲೆಕ್ಕ ಹಾಕಿ. 2500 ಗಾತ್ರದ ರೀಲಿಗೆ 5–6 ಮೀಟರ್ ಧಾರಾಳ. ದಪ್ಪ 0.30ರಿಂದ 0.35 ಮಿ.ಮೀ. ಇರಲಿ. ಅದಕ್ಕಿಂತ ದಪ್ಪದ್ದಾದರೆ ತಳ ಉಬ್ಬುತಗ್ಗಾಗಿ ಮೇಲಿನ ಬ್ರೇಡ್ ಸಮವಾಗಿ ಕೂರುವುದಿಲ್ಲ; ತೀರ ಸಪೂರವಾದರೆ ಗಂಟಿನಲ್ಲಿ ಬ್ರೇಡ್ ಅದನ್ನು ಕೊಯ್ದು ಹಾಕಬಹುದು.

ಕೆಲಸದ ಕ್ರಮ ಹೀಗೆ. ರಾಡಿಗೆ ರೀಲು ಸಿಕ್ಕಿಸಿ, ನೈಲಾನ್ ತುದಿಯನ್ನು ರಾಡಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ರೀಲಿಗೆ ಹತ್ತಿರದ ಮೊದಲನೆಯದರೊಳಗಿಂದ ತೂರಿಸಿ. ಬೇಲ್ ಎತ್ತಿ ತೆರೆಯಿರಿ. ಬೇಲ್ ಮುಚ್ಚಿಟ್ಟೇ ಗಂಟು ಹಾಕಿ, ಆಮೇಲೆ ಹ್ಯಾಂಡಲ್ ತಿರುಗಿಸಿದರೆ ಏನೂ ಸುತ್ತುವುದಿಲ್ಲ. ಹೊಸಬರು ಮಾತ್ರ ಅಲ್ಲ, ಹಳಬರೂ ಅವಸರದಲ್ಲಿ ಇದನ್ನು ಮರೆಯುತ್ತಾರೆ. ತುದಿಯನ್ನು ಸ್ಪೂಲಿನ ತಳಕ್ಕೆ ಎರಡು ಸುತ್ತು ತಂದು, ಬರುವ ದಾರದ ಸುತ್ತ ಒಂದು ಸಾದಾ ಗಂಟು ಹಾಕಿ. ಉಳಿದ ತುದಿಯಲ್ಲಿ, ಒಂದೆರಡು ಸೆಂಟಿಮೀಟರ್ ಬಿಟ್ಟು, ಇನ್ನೊಂದು ಸಾದಾ ಗಂಟು. ಒದ್ದೆ ಮಾಡಿ ಮುಖ್ಯ ದಾರವನ್ನು ಎಳೆದರೆ ಮೊದಲನೆಯದು ಜಾರಿ ಬಂದು ತಳವನ್ನು ಬಿಗಿಯುತ್ತದೆ, ಎರಡನೆಯದು ಅದಕ್ಕೆ ತಡೆಯಾಗಿ ನಿಲ್ಲುತ್ತದೆ. ಉಳಿದ ತುದಿಯನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ. ಬೇಲ್ ಮುಚ್ಚಿ, ದಾರವನ್ನು ಬೆರಳಲ್ಲಿ ಬಿಗಿಹಿಡಿದು ಸುತ್ತಿ. ಈ ಮೊದಲ ಪದರವನ್ನು ಸಡಿಲ ಸುತ್ತಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಈಗ ಎರಡು ದಾರಗಳನ್ನು ಸೇರಿಸಬೇಕು. ಡಬಲ್ ಯೂನಿ ಎಂಬ ಗಂಟು ಇದಕ್ಕೆ ಸಾಕು. ಎರಡರ ತುದಿಗಳನ್ನು ಎದುರುಬದುರಾಗಿ ಹಿಡಿದು ಸುಮಾರು 20 ಸೆಂ.ಮೀ. ಪಕ್ಕಪಕ್ಕ ಬರುವಂತೆ ಮಾಡಿ. ನೈಲಾನ್ ತುದಿಯನ್ನು ಹಿಂದಕ್ಕೆ ಮಡಚಿ ಕುಣಿಕೆ ಮಾಡಿ, ಎರಡೂ ದಾರಗಳನ್ನು ಒಟ್ಟಿಗೆ ಸುತ್ತುವಂತೆ ಆ ಕುಣಿಕೆಯೊಳಗೆ 4–5 ಸುತ್ತು ಹಾಕಿ ಅರ್ಧ ಬಿಗಿ ಮಾಡಿ. ಇನ್ನೊಂದು ಬದಿಯಲ್ಲಿ ಬ್ರೇಡಿನಿಂದ ಇದನ್ನೇ ಮಾಡಿ, ಆದರೆ 8 ಸುತ್ತು. ನುಣುಪಾದ ದಾರಕ್ಕೆ ಹೆಚ್ಚು ಸುತ್ತು ಬೇಕು. ನೈಲಾನಿನಷ್ಟೇ ಹಾಕಿದರೆ ಗಂಟೇ ಬಿಚ್ಚಿಹೋಗುತ್ತದೆ. ಎಂಜಲು ಅಥವಾ ನೀರು ಸವರಿ ಎರಡು ಮುಖ್ಯ ದಾರಗಳನ್ನು ಎಳೆದರೆ ಗಂಟುಗಳೆರಡೂ ಸರಿದು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ನೈಲಾನ್ ತುದಿ 1–2 ಮಿ.ಮೀ., ಬ್ರೇಡ್ ತುದಿ 3–4 ಮಿ.ಮೀ. ಬಿಟ್ಟು ಕತ್ತರಿಸಿ. ಸಾಧ್ಯವಾದರೆ ಗಂಟು ಸ್ಪೂಲಿನ ಹಿಂಭಾಗಕ್ಕೆ, ಅಂಚಿನಿಂದ ದೂರ ಕೂರುವಂತೆ ನೋಡಿಕೊಳ್ಳಿ. ಮೇಲೆ ಹತ್ತು ಹದಿನೈದು ಪದರ ಬಂದ ಮೇಲೆ ಅದರ ಉಬ್ಬು ಗೊತ್ತಾಗುವುದಿಲ್ಲ.

ದಡದಿಂದ ಹಾಕುವ ಗಾಳದಲ್ಲಿ ಈ ಗಂಟಿನವರೆಗೆ ದಾರ ಖಾಲಿಯಾಗುವುದು ಅಪರೂಪ. ದೋಣಿಯಲ್ಲಿ ಹೋಗಿ ಅಂಜಲ್ ಹಿಡಿಯುವವರ ಲೆಕ್ಕ ಬೇರೆ. ಅಂಜಲ್ ಒಂದೇ ಓಟಕ್ಕೆ ನೂರು ಮೀಟರಿಗೂ ಹೆಚ್ಚು ದಾರ ಎಳೆಯಬಲ್ಲದು. ಅಂಥವರು ಬ್ರೇಡಿನ ಬಲಕ್ಕೆ ಹತ್ತಿರದ ನೈಲಾನ್ ಬಳಸಬೇಕು, ಬ್ರೇಡೂ 300 ಮೀಟರ್ ಇರಬೇಕು.

ಬ್ಯಾಕಿಂಗಿನಿಂದ ಇನ್ನೊಂದು ಲಾಭ, ಒಂದು ಸಣ್ಣ ಲೆಕ್ಕ

ಬ್ರೇಡ್ ದುಬಾರಿ, ನೈಲಾನ್ ಅಗ್ಗ. ಬ್ರೇಡ್ ಸಪೂರವಾದ್ದರಿಂದ ಆಳದ ಸ್ಪೂಲನ್ನು 150 ಮೀಟರ್ ತುಂಬಿಸುವುದಿಲ್ಲ. ಸ್ಪೂಲ್ ಅರ್ಧವೇ ತುಂಬಿದ್ದರೆ ಎಸೆದಾಗ ದಾರ ಅಂಚಿಗೆ ಉಜ್ಜಿಕೊಂಡು ಹೊರಡುತ್ತದೆ, ದೂರ ಹೋಗುವುದಿಲ್ಲ. ಖಾಲಿ ಜಾಗವನ್ನು ನೈಲಾನಿನಿಂದ ತುಂಬಿಸಬಹುದು.

ಸ್ಪೂಲಿನ ಮೇಲೆ ‘0.35 – 200’ ಎಂದು ಅಚ್ಚಾಗಿದೆ ಎಂದುಕೊಳ್ಳಿ. 0.35 ಮಿ.ಮೀ. ನೈಲಾನ್ 200 ಮೀಟರ್ ಹಿಡಿಯುತ್ತದೆ ಎಂದರ್ಥ. ನಿಮ್ಮಲ್ಲಿರುವುದು ಪಿಇ 2, ಅಂದರೆ 0.235 ಮಿ.ಮೀ., 150 ಮೀಟರ್. ದಾರ ಎಷ್ಟು ಜಾಗ ತಿನ್ನುತ್ತದೆ ಎನ್ನುವುದು ದಪ್ಪದ ವರ್ಗವನ್ನು ಅವಲಂಬಿಸಿದೆ. 0.235ರ ವರ್ಗ 0.055, 0.35ರ ವರ್ಗ 0.1225, ಭಾಗಿಸಿದರೆ 0.45. ಹಾಗಾಗಿ 150 ಮೀಟರ್ ಬ್ರೇಡ್ ಸುಮಾರು 68 ಮೀಟರ್ ನೈಲಾನಿನಷ್ಟು ಜಾಗ ಹಿಡಿಯುತ್ತದೆ. ಉಳಿದ 132 ಮೀಟರಿನ ಜಾಗಕ್ಕೆ ಅದೇ 0.35 ನೈಲಾನ್ ಸುತ್ತಿದರೆ ಸ್ಪೂಲ್ ತುಂಬುತ್ತದೆ. ಬ್ರೇಡ್ ಚಪ್ಪಟೆಯಾಗುವುದರಿಂದಲೂ ಡಬ್ಬದ ಮೇಲಿನ ದಪ್ಪ ಎಲ್ಲ ಕಂಪನಿಗಳಲ್ಲಿ ಕರಾರುವಾಕ್ ಆಗಿರದಿರುವುದರಿಂದಲೂ ಹತ್ತು ಮೀಟರ್ ಕಡಿಮೆಯೇ ಸುತ್ತಿ. ತುಂಬಿದ ಮೇಲೆ ದಾರದ ಮಟ್ಟ ಅಂಚಿಗಿಂತ 2–3 ಮಿ.ಮೀ. ಕೆಳಗಿರಬೇಕು. ಅಂಚಿನವರೆಗೂ ತುಂಬಿಸಿದರೆ ಎಸೆದಾಗ ನಾಲ್ಕಾರು ಸುತ್ತು ಒಟ್ಟಿಗೆ ಹಾರಿ ಬಿಡಿಸಲಾಗದ ಗೋಜಲಾಗುತ್ತದೆ.

ಲೆಕ್ಕ ಬೇಡ ಎನ್ನುವವರಿಗೆ ಅದೇ ಗಾತ್ರದ ಎರಡನೇ ಸ್ಪೂಲ್ ಇದ್ದರೆ ಸುಲಭ: ಮೊದಲು ಬ್ರೇಡ್, ಅದರ ಮೇಲೆ ಸರಿಯಾದ ಮಟ್ಟ ಬರುವವರೆಗೆ ನೈಲಾನ್ ಸುತ್ತಿ, ಆಮೇಲೆ ಇಡೀ ದಾರವನ್ನು ಇನ್ನೊಂದು ಸ್ಪೂಲಿಗೆ ತಿರುಗಿಸಿ. ನೈಲಾನ್ ತಾನಾಗಿ ಅಡಿಗೆ ಹೋಗುತ್ತದೆ.

ಟೇಪ್ ಯಾವಾಗ?

ಈಗ ಆಳವಿಲ್ಲದ ಸ್ಪೂಲ್ ಬರುತ್ತವೆ. 150 ಮೀಟರ್ ಬ್ರೇಡಿಗೆ ಅಳೆದು ಮಾಡಿದವು, ಬ್ಯಾಕಿಂಗಿಗೆ ಜಾಗವೇ ಇಲ್ಲ. ಅಲ್ಲಿ ಟೇಪ್ ಉಪಯೋಗಕ್ಕೆ ಬರುತ್ತದೆ. ಟೇಪಿನ ಮೆದು ಮೈಯೊಳಗೆ ಬ್ರೇಡ್ ಕಚ್ಚಿಕೊಳ್ಳುತ್ತದೆ, ಟೇಪಿನ ಅಂಟು ಸ್ಪೂಲನ್ನು ಹಿಡಿಯುತ್ತದೆ.

ಎಲೆಕ್ಟ್ರಿಷಿಯನ್ನರು ಬಳಸುವ ಇನ್ಸುಲೇಷನ್ ಟೇಪ್ ಅಥವಾ ಮೆಡಿಕಲ್ ಶಾಪಿನಲ್ಲಿ ಗಾಯದ ಪಟ್ಟಿ ಅಂಟಿಸಲು ಕೊಡುವ ಬಟ್ಟೆಯ ಟೇಪ್, ಎರಡೂ ಆಗುತ್ತವೆ. ಕಾಗದದ ಮಾಸ್ಕಿಂಗ್ ಟೇಪ್ ಬೇಡ, ನೀರು ಬಿದ್ದರೆ ಮುದ್ದೆಯಾಗುತ್ತದೆ. ಪೆಟ್ಟಿಗೆಗೆ ಅಂಟಿಸುವ ಕಂದು ಟೇಪೂ ಬೇಡ, ಅದರ ಮೈ ಸ್ಪೂಲಿನಷ್ಟೇ ನುಣುಪು. ಮೊದಲು ತಳವನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿದ ಬಟ್ಟೆಯಿಂದ ಒರೆಸಿ. ಕಣ್ಣಿಗೆ ಕಾಣದ ಗ್ರೀಸ್ ಇದ್ದರೆ ಟೇಪೇ ಜಾರುತ್ತದೆ. ಟೇಪನ್ನು ತಳದ ಅಗಲಕ್ಕಿಂತ ತುಸು ಕಿರಿದಾಗಿ ಕತ್ತರಿಸಿ, ಒಂದೇ ಒಂದು ಸುತ್ತು, ಮೇಲೆ 1 ಸೆಂ.ಮೀ. ಹಾಸು. ಎರಡು ಮೂರು ಸುತ್ತು ಹಾಕಿದರೆ ಅಂಟಿನ ಪದರಗಳೇ ಒಂದರ ಮೇಲೊಂದು ಸರಿಯುತ್ತವೆ.

ದಿಕ್ಕನ್ನೂ ನೋಡಬೇಕು. ಹ್ಯಾಂಡಲ್ ತಿರುಗಿಸಿದಾಗ ಬೇಲ್ ಯಾವ ದಿಕ್ಕಿಗೆ ಸುತ್ತುತ್ತದೋ ಅದೇ ದಿಕ್ಕಿಗೆ ಟೇಪ್ ಸುತ್ತಿ. ಮೀನು ಎಳೆದಾಗ ದಾರ ಟೇಪಿನ ಮೈಯನ್ನು ಆ ದಿಕ್ಕಿಗೇ ಎಳೆಯುತ್ತದೆ, ಟೇಪಿನ ತುದಿ ಇನ್ನಷ್ಟು ಬಿಗಿಯಾಗಿ ಮಲಗುತ್ತದೆ. ವಿರುದ್ಧ ದಿಕ್ಕಿಗೆ ಸುತ್ತಿದರೆ ಪ್ರತಿ ಎಳೆತಕ್ಕೂ ತುದಿ ಎದ್ದು ಬರುತ್ತದೆ.

ಟೇಪಿನ ಮೇಲೆ ಬ್ರೇಡನ್ನು ನೇರವಾಗಿ ಕಟ್ಟುವಾಗ ತಳಕ್ಕೆ ಎರಡು ಮೂರು ಸುತ್ತು ತಂದು 6 ಸುತ್ತಿನ ಯೂನಿ ಗಂಟು ಹಾಕಿ. ಉಳಿದ ತುದಿಯ ಮೇಲೆ ಟೇಪಿನ ಸಣ್ಣ ತುಣುಕು ಅಂಟಿಸಿದರೆ ಮೊದಲ ಕೆಲವು ಸುತ್ತು ಸುತ್ತುವಷ್ಟರಲ್ಲಿ ಅದು ಅಲುಗುವುದಿಲ್ಲ.

ಟೇಪಿನ ದೋಷ ನಮ್ಮ ಹವೆಯಲ್ಲಿ ಬೇಗ ಗೊತ್ತಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಹಿಂದಿನ ಗಾಜಿನಡಿ ಇಟ್ಟ ರೀಲಿನಲ್ಲಿ ಇನ್ಸುಲೇಷನ್ ಟೇಪಿನ ಅಂಟು ಕರಗಿ ಬದಿಯಿಂದ ಒಸರುತ್ತದೆ. ಹಿಡಿದಿಡಬೇಕಾದ ಅಂಟೇ ಆಗ ಜಾರುವ ಎಣ್ಣೆಯಾಗುತ್ತದೆ. ಬಟ್ಟೆಯ ಟೇಪ್ ಬಿಸಿಲಿಗೆ ಸ್ವಲ್ಪ ಮೇಲು, ಆದರೆ ಉಪ್ಪುನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸ್ಪೂಲಿನ ಬಣ್ಣ ಎಲ್ಲಾದರೂ ಗೀಚಿಹೋಗಿದ್ದರೆ ಅಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಏಳುತ್ತದೆ. ವರ್ಷಕ್ಕೊಮ್ಮೆ ಟೇಪ್ ಬದಲಿಸಲು ತಯಾರಿರುವವರು ಬಳಸಬಹುದು.

ರಬ್ಬರ್ ಪಟ್ಟಿ, ತೂತುಗಳ ಸ್ಪೂಲ್

ಕೆಲವು ರೀಲುಗಳ ತಳದಲ್ಲಿ ರಬ್ಬರಿನ ಅಥವಾ ಸಿಲಿಕೋನಿನ ಪಟ್ಟಿ ಕೂರಿಸಿರುತ್ತಾರೆ. ಬ್ರೇಡನ್ನು ಆ ಪಟ್ಟಿಯ ಮೇಲೆಯೇ ಕಟ್ಟಬೇಕು, ಪಕ್ಕಕ್ಕಲ್ಲ. ಪಟ್ಟಿ ಹಳತಾಗಿ ಗಟ್ಟಿಯಾಗಿದ್ದರೆ, ಉಗುರು ಒತ್ತಿದಾಗ ಗುರುತು ಬೀಳದಿದ್ದರೆ, ಅದು ಇಲ್ಲವೆಂದೇ ತಿಳಿದು ನೈಲಾನ್ ಸುತ್ತಿ. ಎಸೆಯುವಾಗ ಸ್ಪೂಲೇ ತಿರುಗಿ ದಾರ ಬಿಡುವ ಬೇಟ್‌ಕಾಸ್ಟಿಂಗ್ ರೀಲುಗಳ ತಳದಲ್ಲಿ ಸಾಲು ತೂತುಗಳಿದ್ದರೆ ಒಂದರೊಳಗೆ ಹೋಗಿ ಇನ್ನೊಂದರಿಂದ ಬರುವಂತೆ ದಾರ ತೂರಿಸಿ ಕಟ್ಟಿದರೆ ಜಾರುವ ಪ್ರಶ್ನೆಯೇ ಇಲ್ಲ. ತೂತಿನ ಬಾಯಿ ಹರಿತವಿಲ್ಲವೆಂದು ಬೆರಳಾಡಿಸಿ ನೋಡಿದರೆ ಆಯಿತು. ಅಂಗಡಿಯ ಸಾಮಾನು ಕಟ್ಟುವ ರಬ್ಬರ್ ಬ್ಯಾಂಡನ್ನು ತಳಕ್ಕೆ ಹಾಕುವ ಉಪಾಯ ಮಾತ್ರ ಬೇಡ. ಉಪ್ಪು, ಬಿಸಿಲು ಸೇರಿದರೆ ಕೆಲವೇ ತಿಂಗಳಲ್ಲಿ ಅದು ಅಂಟಂಟಾಗಿ ತುಂಡಾಗುತ್ತದೆ.

ಸೂಪರ್ ಗ್ಲೂ ಹಾಕಿ ಅಂಟಿಸುವುದೂ ವ್ಯರ್ಥ. ಪಾಲಿಎಥಿಲೀನಿಗೆ ಅಂಟು ಹಿಡಿಯುವುದೇ ಕಷ್ಟ. ಒಣಗಿದ ಮೇಲೆ ಗಾಜಿನ ಹಕ್ಕಳೆಯಂತೆ ಎದ್ದು ಬರುತ್ತದೆ, ಸ್ಪೂಲಿನ ಬಣ್ಣವೂ ಹಾಳು.

ಬಿಗಿಯಾಗಿ ಸುತ್ತುವುದು

ಅಡಿಪದರ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಬ್ರೇಡನ್ನು ಸಡಿಲ ಸುತ್ತಿದರೆ ಬೇರೊಂದು ತೊಂದರೆ ಕಾದಿರುತ್ತದೆ. ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನ ಸಡಿಲ ಸುತ್ತುಗಳ ನಡುವೆ ಹೂತುಹೋಗಿ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ಎಸೆದಾಗ ದಾರ ಅಲ್ಲಿಗೆ ಬಂದು ಧಡಕ್ಕನೆ ನಿಲ್ಲುತ್ತದೆ, ದಾರ ತುಂಡಾಗಿ ತುದಿಯ ಲೂರ್ (ಕೃತಕ ಎರೆ) ಕಡಲಿಗೆ ಹಾರುತ್ತದೆ.

ಹೊಸ ದಾರದ ಡಬ್ಬಿಯನ್ನು ನೆಲದ ಮೇಲೆ ಮಲಗಿಸಿಟ್ಟು ಎಳೆಯಬೇಡಿ, ಪ್ರತಿ ಸುತ್ತಿಗೂ ಒಂದು ತಿರುಚು ಬೀಳುತ್ತದೆ. ಅದರ ತೂತಿಗೆ ಪೆನ್ಸಿಲ್ ತೂರಿಸಿ ಇನ್ನೊಬ್ಬರ ಕೈಗೆ ಕೊಡಿ. ಡಬ್ಬಿ ಗಾಲಿಯಂತೆ ಉರುಳಬೇಕು, ಅವರು ಎರಡೂ ಬದಿಯಿಂದ ಅಂಗೈ ಒತ್ತಿ ತಡೆ ಕೊಡಬೇಕು. ಒಬ್ಬರೇ ಇದ್ದರೆ ಪೆನ್ಸಿಲಿನ ಎರಡು ತುದಿಯನ್ನು ಪುಸ್ತಕಗಳ ಎರಡು ಅಟ್ಟಿಯ ನಡುವೆ ಸಿಕ್ಕಿಸಿ, ದಾರ ರಾಡಿನ ಮೊದಲ ಬಳೆಗೆ ಬರುವ ಮುಂಚೆ ಮಡಚಿದ ಒದ್ದೆ ಬಟ್ಟೆಯೊಳಗಿಂದ ಹಾದುಬರಲಿ. ಬಟ್ಟೆಯನ್ನು ರಾಡಿನ ಜೊತೆ ಎಡಗೈಯಲ್ಲಿ ಹಿಡಿದು ಒತ್ತಬಹುದು. ಒಣ ಬಟ್ಟೆಯಲ್ಲಿ ಜೋರಾಗಿ ಸುತ್ತಿದರೆ ದಾರ ಬಿಸಿಯಾಗುತ್ತದೆ. ಪಾಲಿಎಥಿಲೀನ್ ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಅದಕ್ಕೂ ಮೊದಲೇ ಬಲ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ತಂಪಾಗಿಡುತ್ತದೆ, ದಾರವೂ ಒತ್ತಾಗಿ ಕೂರುತ್ತದೆ.

ಎಷ್ಟು ಎಳೆತ? ಪಿಇ 1ರಿಂದ 2ರವರೆಗಿನ ದಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು. ಡಬ್ಬಿಯ ಬದಿಯಿಂದ ಸ್ಪ್ರಿಂಗ್ ತಕ್ಕಡಿ ಅಥವಾ ಲಗೇಜ್ ತೂಗುವ ಕೈತಕ್ಕಡಿಯಲ್ಲಿ ಒಮ್ಮೆ ಎಳೆದು ನೋಡಿಕೊಂಡರೆ ಕೈಗೆ ಅಂದಾಜು ಸಿಗುತ್ತದೆ. ದೋಣಿಯಿಂದ ಭಾರಿ ಜಿಗ್ (ಲೋಹದ ಕೃತಕ ಎರೆ) ಬಿಡುವವರ ದಪ್ಪ ದಾರಕ್ಕೆ 2 ಕಿಲೋಗಿಂತಲೂ ಹೆಚ್ಚು ಬೇಕು. ಸುತ್ತಿ ಮುಗಿದ ಮೇಲೆ ದಾರದ ಮೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮರದಂತೆ ಗಟ್ಟಿ ಇರಬೇಕು. ಸ್ಪಂಜಿನಂತೆ ಒಳಗೆ ಹೋದರೆ ಬಿಚ್ಚಿ ಮತ್ತೆ ಸುತ್ತುವುದೇ ಒಳ್ಳೆಯದು.

ಒಂದು ಎಚ್ಚರಿಕೆ: ಅಡಿಯ ನೈಲಾನನ್ನು ನೂರಾರು ಮೀಟರ್ ಅತಿ ಬಿಗಿಯಾಗಿ ಸುತ್ತಬೇಡಿ. ಕುಗ್ಗಲು ನೋಡುವ ಅಷ್ಟೂ ನೈಲಾನಿನ ಒತ್ತಡ ಸೇರಿ ಪ್ಲಾಸ್ಟಿಕ್ ಸ್ಪೂಲಿನ ಬದಿಯನ್ನು ಸೀಳಬಲ್ಲದು.

ಕಡಲಿಗೆ ಹೋಗುವ ಮೊದಲು ಪರೀಕ್ಷೆ

ಮಾರ್ಕರಿನ ಗೆರೆಯ ಪರೀಕ್ಷೆಯನ್ನೇ ಮತ್ತೆ ಮಾಡಿ, ಈ ಸಲ ತಕ್ಕಡಿಯೊಂದಿಗೆ. ದಾರವನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ, ರಾಡನ್ನು ಬಾಗಿಸದೆ ದಾರದ ನೇರಕ್ಕೆ ಹಿಡಿದು ಎಳೆಯಿರಿ. 30 ಪೌಂಡ್ ದಾರವೆಂದರೆ ಸುಮಾರು 13.6 ಕಿಲೋ ಎಳೆತದವರೆಗೆ ತಡೆಯುವ ದಾರ. ಡ್ರ್ಯಾಗನ್ನು ಅದರ ನಾಲ್ಕನೇ ಒಂದು ಭಾಗಕ್ಕೆ, ಅಂದರೆ 3ರಿಂದ 3.5 ಕಿಲೋಗೆ ಬಿಡುವಂತೆ ಹೊಂದಿಸುವುದು ವಾಡಿಕೆ. ಸುರುಳಿ ಜಾರದೆ ಇರಬೇಕಾದದ್ದು ಇದಕ್ಕಿಂತ ಸ್ವಲ್ಪ ಮೇಲಿನವರೆಗೆ. ಡ್ರ್ಯಾಗ್ ಬಿಗಿ ಮಾಡಿ 5 ಕಿಲೋವರೆಗೆ ಎಳೆದಾಗಲೂ ಎರಡು ಗೆರೆಗಳು ಜೊತೆಗೇ ಇದ್ದರೆ ಕೆಲಸ ಸರಿಯಾಗಿದೆ. ಡಬ್ಬಿಯಲ್ಲಿ ರೀಲಿನ ಗರಿಷ್ಠ ಡ್ರ್ಯಾಗ್ 5 ಕಿಲೋಗಿಂತ ಕಡಿಮೆ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ದಡದಲ್ಲಿ ಮೀನು ಸಿಕ್ಕಿರುವಾಗಲೇ ಜಾರತೊಡಗಿತು ಎನ್ನಿ. ಆಗ ಡ್ರ್ಯಾಗ್ ತಿರುಪಿನ ಜೊತೆ ಹೆಣಗಿ ಫಲವಿಲ್ಲ. ಬಟ್ಟೆ ಅಥವಾ ಗ್ಲೌಸ್ ಹಾಕಿದ ಅಂಗೈಯಿಂದ ದಾರದ ಸುರುಳಿಯನ್ನೂ ಅಂಚನ್ನೂ ಸೇರಿಸಿ ಒತ್ತಿ ಹಿಡಿಯಿರಿ, ರಾಡ್ ಎತ್ತಿ ಮೀನನ್ನು ಹತ್ತಿರಕ್ಕೆ ತನ್ನಿ. ರಾಡ್ ಇಳಿಸುವಾಗ ಕೈ ತೆಗೆದು ಸಡಿಲಾದ ದಾರ ಸುತ್ತಿಕೊಳ್ಳಿ. ನಿಧಾನ, ಆದರೆ ಸಾಧಾರಣ ಮೀನಿಗೆ ಸಾಕಾಗುತ್ತದೆ. ಆಮೇಲೆ ಮನೆಯಲ್ಲಿ ತಳದವರೆಗೆ ಬಿಚ್ಚಿ ಮೊದಲಿಂದ ಸುತ್ತಬೇಕು. ಮರಳಿನ ಮೇಲೆ ಬಿಚ್ಚಿ ಹಾಕಬೇಡಿ: ಹೆಣಿಗೆಯೊಳಗೆ ಸೇರಿದ ಮರಳಿನ ಕಣ ಒಳಗಿನಿಂದಲೇ ಎಳೆಗಳನ್ನು ಕೊಯ್ಯುತ್ತದೆ. ಖಾಲಿ ನೀರಿನ ಬಾಟಲಿಗೆ ಸುತ್ತಿಕೊಂಡರೆ ಆಯಿತು. ಈ ನೆಪದಲ್ಲಿ ಬ್ರೇಡಿನ ತಲೆಬುಡ ಬದಲಿಸಿದರೆ, ಇಷ್ಟು ದಿನ ಅಡಿಯಲ್ಲಿ ಹೊಸದಾಗಿಯೇ ಇದ್ದ ಭಾಗ ಮೇಲೆ ಬಂದು ದಾರ ಇನ್ನೊಂದು ಋತು ಬಾಳುತ್ತದೆ.

ಮಳೆಗಾಲ, ಉಪ್ಪು ಮತ್ತು ಅಂಗಡಿ

ಜೂನ್, ಜುಲೈಯಲ್ಲಿ ಕಡಲು ಕೆರಳಿರುವಾಗ ಎಷ್ಟೋ ರೀಲುಗಳು ಮೂಲೆ ಸೇರುತ್ತವೆ. ಈ ಕೆಲಸಕ್ಕೆ ಅದೇ ಸರಿಯಾದ ಸಮಯ. ಒಳಗೆ ಕೂತ ಉಪ್ಪನ್ನು ತೆಗೆಯಲು ಸ್ಪೂಲನ್ನು ರೀಲಿನಿಂದ ಬಿಡಿಸಿ, ಡ್ರ್ಯಾಗಿನ ವಾಷರುಗಳನ್ನು ತೆಗೆದಿಟ್ಟು, ದಾರವಿರುವ ಭಾಗವನ್ನಷ್ಟೇ ಸಿಹಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ನೆರಳಲ್ಲಿ ಒಣಗಿಸಿ. ಬ್ರೇಡ್ ತಾನು ನೀರು ಹೀರುವುದಿಲ್ಲ, ಆದರೆ ಹೆಣಿಗೆಯ ಸಂದಿನಲ್ಲಿ ನೀರು ನಿಲ್ಲುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಒಂದೇ ದಿನಕ್ಕೆ ಒಣಗಿತೆಂದು ನಂಬಬೇಡಿ. ಅಡಿಯ ನೈಲಾನ್ ಎರಡು ಮೂರು ವರ್ಷದಲ್ಲಿ ಒರಟಾಗಿ, ಬಿಳಿಚಿಕೊಂಡು ಕಂಡರೆ ಬದಲಿಸಿ.

ಅಂಗಡಿಯಲ್ಲೇ ಯಂತ್ರದಿಂದ ಸುತ್ತಿಸಿಕೊಳ್ಳುವುದಾದರೆ ಮೂರು ಮಾತು ಮೊದಲೇ ಹೇಳಿ: ಅಡಿಗೆ ನೈಲಾನ್ ಎಷ್ಟು ಮೀಟರ್, ಅಂಚಿನಿಂದ 2 ಮಿ.ಮೀ. ಕೆಳಗೆ ನಿಲ್ಲಿಸಬೇಕು, ಬ್ರೇಡ್ ಹಾದುಬರುವಲ್ಲಿ ಒದ್ದೆ ಬಟ್ಟೆ ಇರಬೇಕು. ದಾರ ಮೊದಲೇ ಸುತ್ತಿರುವ ರೀಲು ಕೊಂಡಿದ್ದರೆ ಅಡಿಯಲ್ಲಿ ಏನಿದೆ ಎಂದು ವಿಚಾರಿಸಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮಾರ್ಕರಿನ ಗೆರೆ ಹೇಳುತ್ತದೆ. ನೈಲಾನಿನ ದಪ್ಪ, ಮೀಟರು, ಸುತ್ತಿದ ತಿಂಗಳು ಇಷ್ಟನ್ನು ಸಣ್ಣ ಚೀಟಿಯಲ್ಲಿ ಬರೆದು ರಾಡಿನ ಹಿಡಿಯ ಹತ್ತಿರ ಅಂಟಿಸಿಟ್ಟರೆ ಮುಂದಿನ ವರ್ಷ ಮತ್ತೆ ಲೆಕ್ಕ ಹಾಕಬೇಕಾಗಿಲ್ಲ.